ಖೋ ಖೋ ಫೋಟೊ: ಕೂತವರು ಸ್ಪಷ್ಟ, ಓಡುವ ಮಗಳು ಮಾತ್ರ ಮಸುಕು. ಏನು ಮಾಡಲಿ?

ಪದ್ಮನಾಭನಗರ_ಅಮ್ಮ:

ಎಲ್ಲರಿಗೂ ನಮಸ್ಕಾರ. ಇಲ್ಲಿ ಓದುತ್ತಾ ಬಹಳ ದಿನ ಆಯಿತು, ಕೇಳುತ್ತಿರುವುದು ಇದೇ ಮೊದಲು.

ನನ್ನ ಮಗಳು ಎಂಟನೇ ಕ್ಲಾಸು. ಮೂರು ವರ್ಷದಿಂದ ಖೋ ಖೋ ಆಡುತ್ತಿದ್ದಾಳೆ, ಈ ವರ್ಷ ಸ್ಕೂಲ್ ಟೀಮಿಗೆ ಆಯ್ಕೆಯಾಗಿದ್ದಾಳೆ. ವಾರಕ್ಕೆ ನಾಲ್ಕು ಸಂಜೆ ಬಸವನಗುಡಿ ಕಡೆಯ ಒಂದು ಮಣ್ಣಿನ ಮೈದಾನದಲ್ಲಿ ಪ್ರಾಕ್ಟೀಸ್ ಇರುತ್ತದೆ. ಆಫೀಸ್ ಮುಗಿಸಿ ಐದೂಕಾಲರ ಹೊತ್ತಿಗೆ ನಾನು ಅಲ್ಲಿಗೆ ಹೋಗುತ್ತೇನೆ, ಕತ್ತಲಾಗುವ ತನಕ ಇರುತ್ತೇನೆ.

ಮನೆಯಲ್ಲಿ ನಿಕಾನ್ ಡಿ5600 ಇದೆ. ಅದರ ಜೊತೆ ಬಂದ 18-55 ಮತ್ತು 70-300 ಲೆನ್ಸ್ ಎರಡೂ ಇವೆ. ನಾಮಕರಣ, ಮದುವೆ, ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನ, ಊರಿನ ಜಾತ್ರೆ, ಎಲ್ಲದಕ್ಕೂ ಚೆನ್ನಾಗಿ ಬಂದಿದೆ. ಈ ಮೈದಾನದಲ್ಲಿ ಮಾತ್ರ ಆಗುತ್ತಿಲ್ಲ. ಎರಡು ವಾರದಲ್ಲಿ ಆರುನೂರಕ್ಕೂ ಜಾಸ್ತಿ ಫೋಟೊ ತೆಗೆದಿದ್ದೇನೆ. ಮಧ್ಯದ ಸಾಲಿನಲ್ಲಿ ಕೂತ ಹುಡುಗಿಯರು ಎಷ್ಟು ಸ್ಪಷ್ಟ ಅಂದರೆ ಜಡೆಯ ರಿಬ್ಬನ್ನಿನ ನೂಲು ಕೂಡ ಕಾಣುತ್ತದೆ. ಅವರ ಆಚೆ ಓಡುತ್ತಿರುವ ನನ್ನ ಮಗಳು ಮಸುಕು. ಕೆಲವದರಲ್ಲಿ ಮುಖ ಪರವಾಗಿಲ್ಲ, ಕೈಕಾಲು ಮಾತ್ರ ಹೊಗೆಯ ಹಾಗೆ. ಇನ್ನು ಕೆಲವದರಲ್ಲಿ ಅವಳು ಫ್ರೇಮಿನಲ್ಲೇ ಇಲ್ಲ, ನಾನು ಒತ್ತಿದಾಗ ಇದ್ದಳು, ಫೋಟೊದಲ್ಲಿ ಇಲ್ಲ.

ಹೆಚ್ಚಾಗಿ ಆಟೊ ಮೋಡ್‌ನಲ್ಲಿ ತೆಗೆಯುತ್ತೇನೆ. ಸ್ಪೋರ್ಟ್ಸ್ ಮೋಡ್ ಕೂಡ ನೋಡಿದೆ, ಬೆಳಕು ಚೆನ್ನಾಗಿದ್ದಾಗ ಸ್ವಲ್ಪ ವಾಸಿ, ಸಂಜೆ ಆದ ಮೇಲೆ ಅದೇ ಕಥೆ. ಹಿಂದಿನ ಸ್ಕ್ರೀನ್ ನೋಡಿಕೊಂಡೇ ತೆಗೆಯುವುದು ಅಭ್ಯಾಸ, ಏಕೆಂದರೆ ನನಗೆ ಕನ್ನಡಕ ಇದೆ, ವ್ಯೂಫೈಂಡರಿನಲ್ಲಿ ಕಣ್ಣಿಟ್ಟರೆ ಎಲ್ಲವೂ ಮಂಜು. ಲೆನ್ಸ್‌ನಲ್ಲಿ ವಿಆರ್, ಅಂದರೆ ಅಲುಗಾಟ ತಡೆಯುವ ವ್ಯವಸ್ಥೆ, ಇದೆ, ಅದನ್ನು ಆನ್ ಮಾಡಿಯೇ ಇಟ್ಟಿದ್ದೇನೆ, ಆದರೂ ಅಲುಗಾಡಿದ ಹಾಗೆ ಯಾಕೆ ಬರುತ್ತದೆ ಗೊತ್ತಾಗುತ್ತಿಲ್ಲ.

ಒಂದು ಅಂಗಡಿಯಲ್ಲಿ ವಿಚಾರಿಸಿದೆ. ಡಿಎಸ್‌ಎಲ್‌ಆರ್ (ನನ್ನದರ ಹಾಗೆ ಒಳಗೆ ಕನ್ನಡಿ ಇರುವ ಕ್ಯಾಮೆರಾ) ಕಾಲ ಮುಗಿಯಿತು, ಕನ್ನಡಿ ಇಲ್ಲದ ಮಿರರ್‌ಲೆಸ್ ತೊಗೊಳ್ಳಿ, ಲೆನ್ಸ್ ಸೇರಿ ಒಂದೂವರೆ ಲಕ್ಷದ ಹತ್ತಿರ ಆಗುತ್ತೆ ಅಂದರು. ಅಷ್ಟು ಈಗ ಸಾಧ್ಯವಿಲ್ಲ.

ಮೂರು ವಾರಕ್ಕೆ ಶಾಲೆಗಳ ನಡುವಿನ ಪಂದ್ಯ ಇದೆ. ಅವಳು ಕಂಬದ ಹತ್ತಿರ ಒಂದು ಕೆಲಸ ಮಾಡುತ್ತಾಳೆ. ಅಟ್ಟಿಸಿಕೊಂಡು ಬಂದವಳ ಕೈ ಇನ್ನೇನು ಬೆನ್ನಿಗೆ ತಾಗಿತು ಅನ್ನುವಾಗ ಸೊಂಟ ಬಳುಕಿಸಿ ಆ ಕಡೆಗೆ ಜಾರಿಕೊಳ್ಳುತ್ತಾಳೆ. ನೋಡುವವರೆಲ್ಲ ಒಮ್ಮೆ ಉಸಿರು ಹಿಡಿಯುತ್ತಾರೆ. ಆ ಒಂದು ಫೋಟೊ ನನಗೆ ಬೇಕು. ಈ ಕ್ಯಾಮೆರಾದಲ್ಲಿ ಆಗುತ್ತಾ?

ಕೆರೆದಂಡೆ:

ಖಂಡಿತ ಆಗುತ್ತದೆ. ದುಡ್ಡು ಹಾಕಬೇಡಿ.

ನಾನು ಹೆಬ್ಬಾಳ, ಜಕ್ಕೂರು ಕೆರೆಗಳಲ್ಲಿ ಹಕ್ಕಿ ತೆಗೆಯುವವನು, ಖೋ ಖೋ ನನಗೆ ಅಷ್ಟು ಗೊತ್ತಿಲ್ಲ. ಆದರೆ ನೀವು ಹೇಳಿದ ಮೂರೂ ತೊಂದರೆ ನನಗೆ ಗೊತ್ತು, ಏಕೆಂದರೆ ಮೂರೂ ಬೇರೆ ಬೇರೆ ತೊಂದರೆ. ಎಲ್ಲವನ್ನೂ ಮಸುಕು ಅಂತ ಒಂದೇ ಹೆಸರಿನಲ್ಲಿ ಕರೆದರೆ ಯಾವುದೂ ಸರಿಹೋಗುವುದಿಲ್ಲ.

ಹಾಳಾದ ಫೋಟೊಗಳನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿ. ಅವಳು ಪೂರ್ತಿ ಮೆತ್ತಗಿದ್ದು, ಅವಳ ಮುಂದಿನದೋ ಹಿಂದಿನದೋ ಚೂಪಾಗಿದ್ದರೆ ಅದು ಫೋಕಸ್ ತಪ್ಪಿದ್ದು. ಮುಖ ಸುಮಾರಾಗಿದ್ದು ಕೈಕಾಲು ಎಳೆದ ಹಾಗಿದ್ದರೆ ಶಟರ್ ಸ್ಪೀಡ್, ಅಂದರೆ ಶಟರ್ ತೆರೆದು ಮುಚ್ಚುವ ವೇಗ, ಸಾಲಲಿಲ್ಲ ಅಂತ. ನೆಲ, ಕಂಬ, ಜನ ಎಲ್ಲವೂ ಒಂದೇ ದಿಕ್ಕಿಗೆ ಎಳೆದಿದ್ದರೆ ಅಲುಗಿದ್ದು ನಿಮ್ಮ ಕೈ. ವಿಆರ್ ಕೆಲಸ ಮಾಡುವುದು ಈ ಕೊನೆಯದರ ಮೇಲೆ ಮಾತ್ರ. ಅದು ನಿಮ್ಮ ಕೈ ನಡುಕವನ್ನು ತಡೆಯುತ್ತದೆ, ನಿಮ್ಮ ಮಗಳ ಓಟವನ್ನು ಅಲ್ಲ.

ಮೊದಲು ಫೋಕಸ್. ಆಟೊ ಮೋಡ್‌ನಲ್ಲಿ ಎಲ್ಲಿ ಫೋಕಸ್ ಮಾಡಬೇಕು ಅನ್ನುವುದನ್ನು ಕ್ಯಾಮೆರಾ ತಾನೇ ಆರಿಸಿಕೊಳ್ಳುತ್ತದೆ. ಸಾಮಾನ್ಯವಾಗಿ ಹತ್ತಿರ ಇರುವುದನ್ನು ಹಿಡಿಯುತ್ತದೆ. ಹತ್ತಿರ ಇರುವವರು ಯಾರು? ಸಾಲಿನಲ್ಲಿ ಅಲುಗದೆ ಕೂತ ಹುಡುಗಿಯರು. ಅದಕ್ಕೇ ರಿಬ್ಬನ್ ನೂಲು ಕಾಣುತ್ತಿರುವುದು. ಶಟರ್ ಸ್ಪೀಡ್ ನೀವೇ ಆರಿಸುವ ಎಸ್ ಅಥವಾ ಎಂ ಮೋಡ್‌ಗೆ ಬನ್ನಿ, ಫೋಕಸ್ ಎಎಫ್-ಸಿ ಮಾಡಿ, ಏರಿಯಾದಲ್ಲಿ ಡೈನಾಮಿಕ್ 9 ಪಾಯಿಂಟ್ ಇಡಿ, ನಡುವಿನ ಪಾಯಿಂಟ್ ಆರಿಸಿ. ಎಎಫ್-ಸಿ ಅಂದರೆ ಬಟನ್ ಅರ್ಧ ಒತ್ತಿ ಹಿಡಿದಷ್ಟು ಹೊತ್ತೂ ಫೋಕಸ್ ಅವಳ ಜೊತೆ ಓಡುತ್ತಲೇ ಇರುತ್ತದೆ. ನಿಮ್ಮ ಕ್ಯಾಮೆರಾದಲ್ಲಿ 39 ಫೋಕಸ್ ಪಾಯಿಂಟ್ ಇವೆ, ಅದರಲ್ಲಿ 9 ಮಾತ್ರ ಕ್ರಾಸ್ ಟೈಪ್, ಅವು ನಡುಭಾಗದಲ್ಲೇ ಇರುವುದು. ಅಡ್ಡಗೆರೆ, ಉದ್ದಗೆರೆ ಎರಡನ್ನೂ ಅವು ಗುರುತಿಸುತ್ತವೆ. ಓಡುವವರಿಗೆ ಅವನ್ನೇ ನಂಬಿ.

ಸ್ಕ್ರೀನ್ ನೋಡಿ ತೆಗೆಯುವುದನ್ನು ಇವತ್ತೇ ಬಿಡಿ. ಇದು ಎಲ್ಲಕ್ಕಿಂತ ಮುಖ್ಯ. ಡಿಎಸ್‌ಎಲ್‌ಆರ್ ಒಳಗೆ ವೇಗದ ಫೋಕಸ್ ಮಾಡುವ ಸೆನ್ಸರ್ ಬೇರೆಯೇ ಇದೆ, ಕೆಳಗಡೆ, ಕನ್ನಡಿಯ ಹಿಂದಿನ ಪುಟ್ಟ ಕನ್ನಡಿಯಿಂದ ಅದಕ್ಕೆ ಬೆಳಕು ಹೋಗುತ್ತದೆ. ಸ್ಕ್ರೀನ್ ಆನ್ ಮಾಡಿದರೆ ಕನ್ನಡಿ ಮೇಲೆ ಎದ್ದುಬಿಡುತ್ತದೆ, ಆ ಸೆನ್ಸರ್ ಕುರುಡಾಗುತ್ತದೆ. ಆಮೇಲೆ ನಿಮ್ಮ ಕ್ಯಾಮೆರಾ ಲೆನ್ಸನ್ನು ಹಿಂದೆ ಮುಂದೆ ಆಡಿಸಿ, ಚಿತ್ರ ಎಲ್ಲಿ ಚೂಪಾಯಿತು ಅಂತ ಹುಡುಕುತ್ತದೆ. ನಿಂತ ಹೂವಿಗೆ ಅದು ಸಾಕು, ಓಡುವ ಹುಡುಗಿಗೆ ಸಾಲದು. ನೀವು ಒತ್ತಿದಾಗ ಇದ್ದಳು, ಫೋಟೊದಲ್ಲಿ ಇಲ್ಲ ಅಂದಿರಲ್ಲ, ಅದೂ ಹೆಚ್ಚಾಗಿ ಇದರಿಂದಲೇ. ಕನ್ನಡಕದ ವಿಷಯಕ್ಕೆ ವ್ಯೂಫೈಂಡರ್ ಪಕ್ಕ ಒಂದು ಪುಟ್ಟ ಚಕ್ರ ಇದೆ ನೋಡಿ, ಡಯಾಪ್ಟರ್ ಅನ್ನುತ್ತಾರೆ. ಒಳಗಿನ ಅಕ್ಷರಗಳು ಚೂಪಾಗಿ ಕಾಣುವ ತನಕ ತಿರುಗಿಸಿ. ಕೆಲವರಿಗೆ ಕನ್ನಡಕ ಇಲ್ಲದೆಯೇ ಕಾಣುತ್ತದೆ, ಇನ್ನು ಕೆಲವರು ಕನ್ನಡಕ ಹಾಕಿಕೊಂಡೇ ಸರಿಮಾಡಿಕೊಳ್ಳುತ್ತಾರೆ.

ಇನ್ನು ಶಟರ್. ಒಂದು ಲೆಕ್ಕ ಹಾಕೋಣ. ಅವಳು ಸೆಕೆಂಡಿಗೆ 6 ಮೀಟರ್ ಓಡುತ್ತಾಳೆ ಅಂತ ಇಟ್ಟುಕೊಳ್ಳಿ. 1/125ರಲ್ಲಿ, ಅಂದರೆ ಸೆಕೆಂಡಿನ 125ನೇ ಒಂದು ಭಾಗದಲ್ಲಿ, ಶಟರ್ ತೆರೆದಿರುವಾಗಲೇ ಅವಳು ಸುಮಾರು 5 ಸೆಂಟಿಮೀಟರ್ ಮುಂದೆ ಹೋಗಿರುತ್ತಾಳೆ. 1/1000ದಲ್ಲಿ ಬರೀ 6 ಮಿಲಿಮೀಟರ್. ಕೈ ಬೀಸುವ ವೇಗ ಮೈಯ ವೇಗಕ್ಕಿಂತ ಜಾಸ್ತಿ, ಅದಕ್ಕೇ ಮೊದಲು ಹೊಗೆಯಾಗುವುದು ಕೈಗಳು. ಹಾಗಾಗಿ 1/1000ಕ್ಕೆ ಇಟ್ಟು, ಐಎಸ್‌ಓ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಆಟೊ ಬಿಡಿ. ಮೇಲಿನ ಮಿತಿ 6400 ಇರಲಿ. ಸ್ವಲ್ಪ ಕಾಳು ಕಾಳಾಗಿ ಬರುತ್ತದೆ, ಬರಲಿ. ಕಾಳನ್ನು ಆಮೇಲೆ ಕಡಿಮೆ ಮಾಡಬಹುದು, ಹೊಗೆಯಾದ ಕೈಯನ್ನು ಯಾವ ಸಾಫ್ಟ್‌ವೇರಿನಲ್ಲೂ ಮರಳಿ ಸರಿಯಾಗಿ ತರಲಾಗುವುದಿಲ್ಲ.

ಒಂದು ಸಣ್ಣ ವಿಷಯ, ಆದರೆ ಸಂಜೆಗೆ ಬೇಕು. ನಿಮ್ಮ 70-300 ಲೆನ್ಸ್ 300ರಲ್ಲಿ ಎಫ್/6.3, 70ರಲ್ಲಿ ಎಫ್/4.5. ಎಫ್ ಅಂಕಿ ಚಿಕ್ಕದಾದಷ್ಟೂ ಲೆನ್ಸ್ ಒಳಗೆ ಬಿಡುವ ಬೆಳಕು ಜಾಸ್ತಿ. ಅಂದರೆ ಜೂಮ್ ಹಿಂದಕ್ಕೆ ತಂದರೆ ಹೆಚ್ಚುಕಡಿಮೆ ಎರಡು ಪಟ್ಟು ಬೆಳಕು ಸಿಗುತ್ತದೆ. ಬೆಳಕು ಇಳಿಯುತ್ತಾ ಬಂದ ಹಾಗೆ ದೂರದಿಂದ ಎಳೆಯುವ ಬದಲು ನೀವೇ ಹತ್ತಿರ ಹೋಗಿ.

ಪ್ರಾಕ್ಟೀಸಿಗೆ ಹದ್ದುಗಳಿಗಿಂತ ಒಳ್ಳೆಯ ಮೇಷ್ಟ್ರು ಬೆಂಗಳೂರಿನಲ್ಲಿ ಇಲ್ಲ. ಮಧ್ಯಾಹ್ನ ತಾರಸಿ ಮೇಲೆ ನಿಂತರೆ ಸಾಕು, ಒಂದಲ್ಲ ಒಂದು ಸುತ್ತುತ್ತಿರುತ್ತದೆ. ಕ್ಲಿಕ್ ಕೂಡ ಮಾಡಬೇಡಿ ಮೊದಲು. ನಡುವಿನ ಪಾಯಿಂಟ್ ಅದರ ಎದೆಯ ಮೇಲೆ ಹತ್ತು ಸೆಕೆಂಡ್ ನಿಲ್ಲಿಸಲು ಆಗುತ್ತಾ ನೋಡಿ. ನನಗೆ ಅದು ಬರಲು ಒಂದು ತಿಂಗಳು ಹಿಡಿಯಿತು. ಹದ್ದು ಸಿಕ್ಕ ಮೇಲೆ ಮಿಂಚುಳ್ಳಿ ಸಿಗುತ್ತದೆ, ಮನುಷ್ಯರು ಅದಕ್ಕಿಂತ ಸುಲಭ.

ಎಫ್‌ಎಂ2_ಹಳಬ:

ಕೆರೆದಂಡೆಯವರು ಹೇಳಿದ್ದು ಎಲ್ಲ ಸರಿ. ಒಂದು ಸೇರಿಸುತ್ತೇನೆ. ಎಇ-ಎಲ್ ಎಎಫ್-ಎಲ್ ಅಂತ ಹೆಬ್ಬೆರಳ ಹತ್ತಿರ ಒಂದು ಬಟನ್ ಇದೆ. ಕಸ್ಟಮ್ ಸೆಟ್ಟಿಂಗಿನಲ್ಲಿ ಅದಕ್ಕೆ ಎಎಫ್-ಆನ್ ಕೆಲಸ ಕೊಡಿ. ಆಮೇಲೆ ಫೋಕಸ್ ಹೆಬ್ಬೆರಳಿಗೆ, ಕ್ಲಿಕ್ ತೋರುಬೆರಳಿಗೆ. ಯಾರೋ ಅಡ್ಡ ಬಂದರೆ ಹೆಬ್ಬೆರಳು ಬಿಡಿ, ಫೋಕಸ್ ಇದ್ದಲ್ಲೇ ನಿಲ್ಲುತ್ತದೆ, ಅಡ್ಡ ಬಂದವರ ಮೇಲೆ ಹಾರುವುದಿಲ್ಲ. ಖೋ ಖೋದಲ್ಲಿ ಎಂಟು ಜನ ನಡುವೆ ಕೂತಿರುವಾಗ ಇದು ತುಂಬಾ ಬೇಕಾಗುತ್ತದೆ. ಮೊದಲ ವಾರ ಬೆರಳು ಗೊಂದಲವಾಗುತ್ತದೆ, ಬಿಡಬೇಡಿ.

ಇನ್ನೊಂದು ಮಾತು. ನಾವು ಫಿಲ್ಮ್ ಹಾಕಿ ಕ್ರಿಕೆಟ್ ತೆಗೆಯುತ್ತಿದ್ದಾಗ ಒಂದು ರೋಲಿಗೆ 36 ಫ್ರೇಮ್. ಆಟೊಫೋಕಸ್ ಇರಲಿಲ್ಲ. ಬೆಳಗ್ಗೆ ಸ್ಟಂಪ್ ಮೇಲೆ ಫೋಕಸ್ ಮಾಡಿ ರಿಂಗ್ ಮುಟ್ಟದೆ ಕಾಯುತ್ತಿದ್ದೆವು. ರನ್‌ಔಟ್ ಆಗುವುದಾದರೆ ಅಲ್ಲೇ ಆಗಬೇಕು ತಾನೆ? ನಿಮ್ಮ ಮಗಳ ಕಂಬ ಕೂಡ ಹಾಗೆಯೇ. ಕಂಬ ಎಲ್ಲಿಗೂ ಓಡುವುದಿಲ್ಲ.

ಕಂಬದ_ಪಕ್ಕ:

ಹಳಬರು ನನ್ನ ಮಾತನ್ನೇ ಆಡಿದರು. ನಾನು ಕಾಲೇಜು ಮುಗಿಯುವ ತನಕ ಖೋ ಖೋ ಆಡಿದವಳು, ಈಗ ಕ್ಲಬ್ ಪಂದ್ಯಗಳ ಫೋಟೊ ತೆಗೆಯುತ್ತೇನೆ, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ನಮ್ಮ ಆಟದ ಒಳ್ಳೆಯ ಫೋಟೊ ಕಾಣುವುದೇ ಅಪರೂಪ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೆದು, ಭಾರತ ಗಂಡಸರದ್ದೂ ಹೆಂಗಸರದ್ದೂ ಎರಡನ್ನೂ ಗೆದ್ದ ಮೇಲೆ ಸ್ವಲ್ಪ ಜಾಸ್ತಿ ಕಾಣುತ್ತಿದೆ. ಮಣ್ಣಿನ ಮೈದಾನದ ಮಕ್ಕಳ ಫೋಟೊ ಇನ್ನೂ ಕಡಿಮೆಯೇ.

ಎಲ್ಲರೂ ಮಾಡುವ ತಪ್ಪು ಅಂದರೆ ಓಡುವವಳ ಹಿಂದೆ ಕ್ಯಾಮೆರಾ ತಿರುಗಿಸುವುದು. ಓಡುವವಳು ಎಲ್ಲಿ ಬೇಕಾದರೂ ತಿರುಗಬಹುದು, ಸಾಲಿನ ನಡುವೆ ಎಲ್ಲಿ ಬೇಕಾದರೂ ನುಸುಳಬಹುದು. ಅವಳು ಎಲ್ಲಿ ಹೋಗುತ್ತಾಳೆ ಅಂತ ಅಟ್ಟುವವಳಿಗೇ ತಿಳಿಯಬಾರದು, ಆಟವೇ ಅದು. ಅಂದ ಮೇಲೆ ನಿಮಗೆ ಹೇಗೆ ತಿಳಿಯುತ್ತದೆ? ಅಮ್ಮನಾಗಿ ನಿಮ್ಮ ಕಣ್ಣು ಅವಳ ಮೇಲೇ ಇರುತ್ತದೆ, ಅದು ಸಹಜ. ಕ್ಯಾಮೆರಾ ಮಾತ್ರ ಅಟ್ಟುವವಳ ಮೇಲೆ ಇಡಿ. ಅವಳಿಗೆ ನಿಯಮ ಇದೆ. ಒಂದು ದಿಕ್ಕು ಹಿಡಿದ ಮೇಲೆ ಹಿಂದೆ ತಿರುಗುವ ಹಾಗಿಲ್ಲ. ನಡುವಿನ ಸಾಲು ದಾಟುವ ಹಾಗಿಲ್ಲ. ಖೋ ಕೊಡಬೇಕು, ಇಲ್ಲವೇ ಕಂಬದ ತನಕ ಓಡಬೇಕು. ಅವಳ ದಾರಿ ರೈಲು ಹಳಿಯ ಹಾಗೆ, ಮೊದಲೇ ಗೊತ್ತು. ಅವಳ ಚಾಚಿದ ಕೈ ಎಲ್ಲಿದೆಯೋ ಅದರ ಒಂದು ಮೊಳ ಮುಂದೆ ನಿಮ್ಮ ಮಗಳು ಇರುತ್ತಾಳೆ.

ಇನ್ನೊಂದು ಗುಟ್ಟು ಕೂತವರಲ್ಲಿದೆ. ಎಂಟು ಜನ ಒಬ್ಬರು ಈ ಕಡೆ, ಒಬ್ಬರು ಆ ಕಡೆ ಮುಖ ಮಾಡಿ ಕೂತಿರುತ್ತಾರೆ ಅಲ್ವಾ? ಓಡುವವಳು ಸಾಲು ದಾಟಿ ನಿಮ್ಮ ಕಡೆಗೆ ಬಂದಳು ಅಂತ ಇಟ್ಟುಕೊಳ್ಳಿ. ಅಟ್ಟುವವಳು ಆ ಕಡೆಯೇ ಉಳಿದಳು. ಈಗ ಅವಳು ಖೋ ಕೊಡುವುದು ನಿಮ್ಮ ಕಡೆಗೆ ಮುಖ ಮಾಡಿ ಕೂತವಳಿಗೆ, ಹಿಂದಿನಿಂದ. ಅಂದರೆ ಯಾರು ಏಳುತ್ತಾರೆ ಅನ್ನುವುದು ಅವರು ಏಳುವ ಮೊದಲೇ ನಿಮಗೆ ಗೊತ್ತು, ಅವರ ಮುಖವೂ ನಿಮ್ಮ ಕಡೆಗೇ ಇದೆ. ಅಲ್ಲಿ ಫೋಕಸ್ ಇಟ್ಟು ಕಾಯಿರಿ. ಕಣ್ಣಿನ ಜೊತೆ ಕಿವಿಯನ್ನೂ ಬಳಸಿ. ಖೋ ಅಂತ ಜೋರಾಗಿ ಕೂಗಲೇಬೇಕು, ಕೂಗಿದ ಮೇಲೆಯೇ ಕೂತವಳು ಏಳುವುದು. ಆ ಕೂಗು ಕೇಳಿದ ತಕ್ಷಣ ಒತ್ತಿದರೆ ಮಂಡಿಯಿಂದ ಚಿಮ್ಮುವ ಗಳಿಗೆ ಸಿಗುತ್ತದೆ. ಪಾದದ ಕೆಳಗೆ ಮಣ್ಣು ಸಿಡಿಯುತ್ತದೆ, ಕಣ್ಣು ಬೇಟೆಯ ಮೇಲೆ ಇರುತ್ತದೆ. ನನ್ನ ಒಳ್ಳೆಯ ಫೋಟೊಗಳಲ್ಲಿ ಅರ್ಧಕ್ಕೂ ಜಾಸ್ತಿ ಹೀಗೆ ಕಿವಿಯಿಂದ ಸಿಕ್ಕವು.

ಈಗ ನಿಮಗೆ ಬೇಕಾದ ಕಂಬದ ಫೋಟೊ. ನೀವು ಪಕ್ಕದ ಗೆರೆಯ ಹತ್ತಿರ ನಿಲ್ಲುತ್ತಿದ್ದೀರಿ ಅನ್ನಿಸುತ್ತದೆ, ಏಕೆಂದರೆ ಅಲ್ಲಿಂದಲೇ ಕೂತವರು ಅಡ್ಡ ಬರುವುದು. ಅಂಕಣದ ತುದಿಗೆ ಹೋಗಿ, ಕಂಬದ ಹಿಂದೆ, ಸ್ವಲ್ಪ ಓರೆಯಾಗಿ. ಗೆರೆಯಿಂದ ಎರಡು ಮೂರು ಮೀಟರ್ ದೂರ ಇರಲಿ, ಮಕ್ಕಳು ಕಂಬ ಸುತ್ತಿ ಅದೇ ವೇಗದಲ್ಲಿ ಹೊರಗೆ ನುಗ್ಗುತ್ತಾರೆ, ತಾಗಿದರೆ ಇಬ್ಬರಿಗೂ ಪೆಟ್ಟು. ಕೋಚ್ ಹತ್ತಿರ ಮೊದಲೇ ಕೇಳಿ ಜಾಗ ಗೊತ್ತುಮಾಡಿಕೊಳ್ಳಿ. ನೆಲದ ಮೇಲೆ ಕೂತುಬಿಡಿ, ಅಥವಾ ಮಂಡಿ ಊರಿ. ನಿಂತು ತೆಗೆದರೆ ಹಿನ್ನೆಲೆಯೆಲ್ಲ ಬರೀ ಕೆಂಪು ನೆಲ, ಮಕ್ಕಳು ಕುಳ್ಳಗೆ ಕಾಣುತ್ತಾರೆ. ಕೂತು ತೆಗೆದರೆ ಅವರು ಎತ್ತರಕ್ಕೆ ಕಾಣುತ್ತಾರೆ, ಹಿಂದೆ ಮರಗಳು, ಆಕಾಶ ಬರುತ್ತದೆ. ಓಡುವವರು ನಿಮ್ಮ ಎದುರಿಗೇ ಬರುತ್ತಿರುತ್ತಾರೆ, ಹಾಗಾಗಿ ಫ್ರೇಮಿನಲ್ಲಿ ಅಡ್ಡ ಓಡಿ ತಪ್ಪಿಸಿಕೊಳ್ಳುವ ತೊಂದರೆಯೂ ಕಡಿಮೆ.

ಕಂಬದ ಮೇಲೆ ಫೋಕಸ್ ಮಾಡಿ, ಹೆಬ್ಬೆರಳು ಬಿಡಿ. ಲೆನ್ಸ್ 100ರ ಆಸುಪಾಸು ಇರಲಿ. ಬಿಗಿಯಾಗಿ ಹಿಡಿಯಬೇಡಿ, ಬಳುಕುವಾಗ ಕೈ ಒಂದು ಕಡೆ, ಕಾಲು ಒಂದು ಕಡೆ ಹೋಗುತ್ತದೆ. ಅಂಚಿನಲ್ಲಿ ಜಾಗ ಬಿಟ್ಟು ತೆಗೆದು ಆಮೇಲೆ ಕತ್ತರಿಸಿ, 24 ಮೆಗಾಪಿಕ್ಸೆಲ್ ಇರುವುದು ಅದಕ್ಕೇ. ಇಬ್ಬರೂ ಕಂಬಕ್ಕೆ ಎರಡು ಹೆಜ್ಜೆ ದೂರ ಇರುವಾಗಲೇ ಒತ್ತಲು ಶುರು ಮಾಡಿ. ಇದು ನೆನಪಿರಲಿ: ಡಿಎಸ್‌ಎಲ್‌ಆರ್‌ನಲ್ಲಿ ಫೋಟೊ ಬೀಳುವ ಗಳಿಗೆಯಲ್ಲಿ ಕನ್ನಡಿ ಮೇಲೆದ್ದು ವ್ಯೂಫೈಂಡರ್ ಕಪ್ಪಾಗುತ್ತದೆ. ಹಾಗಾಗಿ ಕೈ ಬೆನ್ನಿಗೆ ತಾಗುವುದನ್ನು ನೀವು ವ್ಯೂಫೈಂಡರಿನಲ್ಲಿ ಕಣ್ಣಾರೆ ನೋಡಿದಿರಿ ಅಂದರೆ, ಆ ಫೋಟೊ ನಿಮಗೆ ಸಿಗಲಿಲ್ಲ ಅಂತಲೇ ಅರ್ಥ. ನಿಮ್ಮದು ಸೆಕೆಂಡಿಗೆ 5 ಫ್ರೇಮ್ ಕ್ಯಾಮೆರಾ. ಎರಡು ಫ್ರೇಮ್ ನಡುವೆ 6 ಮೀಟರ್ ವೇಗದ ಹುಡುಗಿ ಒಂದು ಮೀಟರಿಗೂ ಜಾಸ್ತಿ ಹೋಗಿರುತ್ತಾಳೆ. ಸುಮ್ನೆ ಒತ್ತಿ ಹಿಡಿದರೆ ಒಳ್ಳೆಯದು ನಡುವೆ ಬಿದ್ದುಹೋಗುತ್ತದೆ. ಮೊದಲ ಕ್ಲಿಕ್ ಸರಿಯಾದ ಹೊತ್ತಿಗೆ ಬೀಳಬೇಕು, ಉಳಿದ ಎರಡು ಮೂರು ಅದೃಷ್ಟಕ್ಕೆ.

ಕೆಂಪು ಧೂಳಿನಲ್ಲಿ ಲೆನ್ಸ್ ಬದಲಿಸಬೇಡಿ, ಮನೆಯಿಂದಲೇ 70-300 ಹಾಕಿಕೊಂಡು ಬನ್ನಿ. ಧೂಳು ಶತ್ರು ಅಂತ ಮಾತ್ರ ಅಂದುಕೊಳ್ಳಬೇಡಿ. ಐದೂವರೆಯ ಬಿಸಿಲು ಎದುರಿನಿಂದ ಬರುವ ಹಾಗೆ ಒಂದು ತುದಿ ಆರಿಸಿಕೊಂಡರೆ, ಅದೇ ಧೂಳು ಅವರ ಸುತ್ತ ಹೊಳೆಯುತ್ತದೆ. ಆಗ ಮುಖ ಕಪ್ಪಾಗದ ಹಾಗೆ ಎಕ್ಸ್‌ಪೋಶರ್ ಸ್ವಲ್ಪ ಏರಿಸಿ, +0.7ರಷ್ಟು.

ಒಂದು ಕೋರಿಕೆ. ಬೇರೆ ಮಕ್ಕಳ ಫೋಟೊ ಎಲ್ಲಾದರೂ ಹಾಕುವ ಮೊದಲು ಅವರ ಅಪ್ಪ ಅಮ್ಮನನ್ನು ಕೇಳಿ. ಟೀಮಿಗೆಲ್ಲ ಒಂದೊಂದು ಪ್ರಿಂಟ್ ಕೊಟ್ಟರೆ ಮಕ್ಕಳು ತುಂಬಾ ಖುಷಿಪಡುತ್ತಾರೆ. ನಾನು ಆಡುತ್ತಿದ್ದ ಕಾಲದ ನನ್ನದೇ ಒಂದು ಫೋಟೊ ಇಲ್ಲ, ಅದಕ್ಕೆ ಹೇಳುತ್ತಿದ್ದೇನೆ.

ಪದ್ಮನಾಭನಗರ_ಅಮ್ಮ:

ಇಷ್ಟು ಬರೆದಿದ್ದೀರಿ, ಹೇಗೆ ಥ್ಯಾಂಕ್ಸ್ ಹೇಳಬೇಕೋ ಗೊತ್ತಿಲ್ಲ. ಮೂರು ದಿನ ಪ್ರಯತ್ನ ಮಾಡಿ ಬರೆಯುತ್ತಿದ್ದೇನೆ.

ಡಯಾಪ್ಟರ್ ಚಕ್ರ ಇರುವುದೇ ನನಗೆ ಗೊತ್ತಿರಲಿಲ್ಲ. ತಿರುಗಿಸಿದೆ, ಕನ್ನಡಕ ಹಾಕಿಕೊಂಡೇ ಎಲ್ಲ ಸ್ಪಷ್ಟ ಕಾಣುತ್ತಿದೆ. ಇಷ್ಟು ವರ್ಷ ಆ ಕಿಟಕಿಯನ್ನೇ ಮುಚ್ಚಿಟ್ಟ ಹಾಗಿತ್ತು. ತಾರಸಿ ಮೇಲೆ ಹದ್ದು ನೋಡುತ್ತಿದ್ದೇನೆ, ನಾಲ್ಕು ಸೆಕೆಂಡ್ ತನಕ ಬಂದಿದೆ. ಹೆಬ್ಬೆರಳಿನ ಫೋಕಸ್ ಇನ್ನೂ ಕೈಗೆ ಹತ್ತಿಲ್ಲ.

ನಿನ್ನೆ ಕಂಬದ ಹಿಂದೆ ಕೂತೆ. ಖೋ ಕೇಳಿ ಒತ್ತಿದ್ದರಲ್ಲಿ ಒಂದು ಹುಡುಗಿ ಏಳುವ ಫೋಟೊ ಬಂದಿದೆ, ಕಣ್ಣು ಗಿಡುಗನ ಹಾಗೆ. ಅವಳ ಅಮ್ಮನಿಗೆ ತೋರಿಸಿದೆ, ಅವರು ಅಲ್ಲೇ ಎರಡು ನಿಮಿಷ ನೋಡುತ್ತಾ ನಿಂತರು. ನನ್ನ ಮಗಳದ್ದು ಇನ್ನೂ ಸಿಕ್ಕಿಲ್ಲ, ಆದರೆ ಮಸುಕಾಗಿಲ್ಲ. ತಡವಾಗಿ ಒತ್ತಿದ್ದೇನೆ, ಬೆನ್ನು ಮಾತ್ರ ಬಂದಿದೆ. ತೊಂದರೆ ಎಲ್ಲಿ ಅಂತ ಈಗ ಗೊತ್ತಾಗುತ್ತಿದೆ, ಅದೇ ದೊಡ್ಡದು.

ಈಗ ಹೊಸ ಚಿಂತೆ. ಮಳೆ ಬಂದರೆ ಪಂದ್ಯವನ್ನು ಒಳಾಂಗಣದಲ್ಲಿ ಮ್ಯಾಟ್ ಮೇಲೆ ಮಾಡುತ್ತಾರಂತೆ. ನಾನು ಅಲ್ಲಿ ಹೋಗಿ ನೋಡಿದೆ, ನಮ್ಮ ಕಣ್ಣಿಗೆ ಧಾರಾಳ ಬೆಳಕು. 1/1000ದಲ್ಲಿ ಒಂದು ಕ್ಲಿಕ್ ಮಾಡಿದರೆ ಐಎಸ್‌ಓ 6400 ಆದರೂ ಕತ್ತಲೆ. ಮತ್ತೆ ಒಂದು ಫೋಟೊ ಬೆಳ್ಳಗೆ, ಇನ್ನೊಂದು ಹಳದಿ. ಲೈಟಿಗೆ ಏನಾಗಿದೆ?

ಶಟಲ್_ಸಂಜೆ:

ಲೈಟಿಗೆ ಏನೂ ಆಗಿಲ್ಲ, ಅದು ಮಿನುಗುತ್ತಿದೆ. ನಮ್ಮ ಕರೆಂಟು 50 ಹರ್ಟ್ಸ್, ಹಾಗಾಗಿ ಹಲವು ದೀಪಗಳು ಸೆಕೆಂಡಿಗೆ 100 ಸಲ ಹೆಚ್ಚು ಕಡಿಮೆ ಆಗುತ್ತಿರುತ್ತವೆ. ಕಣ್ಣಿಗೆ ಕಾಣುವುದಿಲ್ಲ. 1/1000ದ ಶಟರ್ ಆ ಏರಿಳಿತದ ಒಂದು ಚೂರನ್ನು ಮಾತ್ರ ಹಿಡಿಯುತ್ತದೆ, ಒಮ್ಮೆ ಏರಿದಾಗ, ಒಮ್ಮೆ ಇಳಿದಾಗ. ಕೆಲವು ಹೊಸ ಕ್ಯಾಮೆರಾಗಳು ಈ ಮಿನುಗನ್ನು ಗುರುತಿಸಿ, ಬೆಳಕು ಏರಿದ ಗಳಿಗೆಗೆ ಕಾದು ಶಟರ್ ಬಿಡುತ್ತವೆ. ಡಿ7500ನಲ್ಲಿ ಅದು ಇದೆ. ನಿಮ್ಮದರಲ್ಲಿ ಫೋಟೊಗೆ ಇಲ್ಲ. ಅದಕ್ಕೆ 1/500ಕ್ಕೆ ಇಳಿಯಿರಿ, ಏರಿಳಿತ ಸ್ವಲ್ಪ ಕಡಿಮೆ ಕಾಣುತ್ತದೆ, ಬೆಳಕೂ ಎರಡು ಪಟ್ಟು. ರಾ ಫೈಲ್ (ಜೆಪೆಗ್ ಮಾಡದ, ಸೆನ್ಸರಿನ ಪೂರ್ತಿ ಮಾಹಿತಿ ಇರುವ ಫೈಲ್) ತೆಗೆಯಿರಿ, ಬಣ್ಣ ಆಮೇಲೆ ಸರಿಮಾಡಬಹುದು. ಆದರೆ ರಾ ಇಟ್ಟು ಉದ್ದಕ್ಕೆ ಒತ್ತಿ ಹಿಡಿದರೆ ಬಫರ್ (ಕಾರ್ಡಿಗೆ ಬರೆಯುವ ಮೊದಲು ಫೋಟೊ ಇಡುವ ಕ್ಯಾಮೆರಾದ ಒಳ ಜಾಗ) ಬೇಗ ತುಂಬಿ ಕ್ಯಾಮೆರಾ ನಿಧಾನವಾಗುತ್ತದೆ, ಮೂರು ಮೂರೇ ತೆಗೆಯಿರಿ. ಫ್ಲ್ಯಾಷ್ ಬೇಡವೇ ಬೇಡ, ಆಡುವ ಮಕ್ಕಳ ಕಣ್ಣಿಗೆ ಹೊಡೆಯುತ್ತದೆ.

ನಾನು ಬ್ಯಾಡ್ಮಿಂಟನ್ ತೆಗೆಯುವುದೆಲ್ಲ ಒಂದು 50 ಎಂಎಂ ಎಫ್/1.8 ಲೆನ್ಸಿನಲ್ಲಿ. ಎಫ್/6.3ಕ್ಕೆ ಹೋಲಿಸಿದರೆ ಸುಮಾರು 12 ಪಟ್ಟು ಬೆಳಕು. ಬಾಡಿಗೆಗೆ ಸಿಗುತ್ತದೆ, ಹಳೆಯದು ಕೊಂಡರೂ ದುಬಾರಿ ಅಲ್ಲ. ಒಂದೇ ಎಚ್ಚರಿಕೆ: ಕೊಳ್ಳುವಾಗ ಎಎಫ್-ಎಸ್ 50 ಎಂಎಂ 1.8ಜಿ ಅಂತಲೇ ನೋಡಿ ತೊಗೊಳ್ಳಿ. 1.8ಡಿ ಅಂತ ಇನ್ನೊಂದು ಇನ್ನೂ ಕಡಿಮೆ ಬೆಲೆಗೆ ಸಿಗುತ್ತದೆ, ಅದರೊಳಗೆ ಮೋಟಾರ್ ಇಲ್ಲ, ಡಿ5600 ಬಾಡಿಯಲ್ಲೂ ಮೋಟಾರ್ ಇಲ್ಲ, ಆಟೊಫೋಕಸ್ ಆಗುವುದೇ ಇಲ್ಲ. ನಾನು ಅದನ್ನು ಕೊಂಡು ಒಂದು ಟೂರ್ನಮೆಂಟ್ ಪೂರ್ತಿ ಕೈಯಲ್ಲಿ ರಿಂಗ್ ತಿರುಗಿಸಿದ್ದೇನೆ. 70-200 ಎಫ್/2.8 ಬಾಡಿಗೆಗೆ ತರಬಹುದು, ಆದರೆ ಸುಮಾರು ಒಂದೂವರೆ ಕಿಲೋ ತೂಕ, ಹೊಸದಾಗಿ ಹಿಡಿಯುವವರಿಗೆ ಪಂದ್ಯದ ದಿನವೇ ಬೇಡ ಅಂತ ನನ್ನ ಅಭಿಪ್ರಾಯ. ಕಂಬದ ಹಿಂದೆ ಕೂರುವುದಾದರೆ 50 ಸಾಕು.

ಪದ್ಮನಾಭನಗರ_ಅಮ್ಮ:

ಪಂದ್ಯ ಮುಗಿಯಿತು. ಮಳೆ ಬರಲಿಲ್ಲ, ಮಣ್ಣಿನ ಮೇಲೆಯೇ ಆಡಿದರು. ಎರಡನೇ ಸುತ್ತಿನಲ್ಲಿ ಸೋತರು.

ಕೋಚ್ ಕೇಳಿ ಪಡುವಣದ ಕಂಬದ ಹಿಂದೆ ಚಾಪೆ ಹಾಕಿ ಕೂತೆ. 1/1000, ಎಎಫ್-ಸಿ, ಕಂಬದ ಮೇಲೆ ಫೋಕಸ್, ಹೆಬ್ಬೆರಳು ಬಿಟ್ಟು. ಅವಳು ಮೂರು ಸಲ ಆ ಕಂಬಕ್ಕೆ ಬಂದಳು. ಮೊದಲ ಸಲ ನಾನು ನೋಡುತ್ತಾ ಒತ್ತುವುದನ್ನೇ ಮರೆತೆ. ಎರಡನೇ ಸಲ ಬೇಗ ಒತ್ತಿದೆ. ಮೂರನೇ ಸಲ ಅಟ್ಟುವವಳ ಕೈಯನ್ನೇ ನೋಡುತ್ತಿದ್ದೆ, ಎರಡು ಹೆಜ್ಜೆ ಇರುವಾಗ ಒತ್ತಿದೆ, ವ್ಯೂಫೈಂಡರ್ ಕಪ್ಪಾಯಿತು, ನಾನು ಏನೂ ನೋಡಲಿಲ್ಲ. ಸುತ್ತ ಇದ್ದವರು ಹೋ ಅಂದಿದ್ದು ಮಾತ್ರ ಕೇಳಿಸಿತು.

ಮೂರು ಫ್ರೇಮ್ ಇದ್ದವು, ಎರಡನೆಯದರಲ್ಲಿ ಇದೆ. ಅಟ್ಟುವವಳ ಬೆರಳಿಗೂ ಅವಳ ಬೆನ್ನಿಗೂ ನಡುವೆ ನಾಲ್ಕು ಬೆರಳಷ್ಟು ಜಾಗ. ಅವಳ ಒಂದು ಕೈ ಕಂಬದ ಆಚೆ, ಜಡೆ ಗಾಳಿಯಲ್ಲಿ ಅಡ್ಡ ನಿಂತಿದೆ, ಕಾಲ ಕೆಳಗಿನ ಮಣ್ಣು ಕಾಳು ಕಾಳಾಗಿ ಕಾಣುತ್ತಿದೆ. ಎಡ ಪಾದ ಫ್ರೇಮಿನಿಂದ ಹೊರಗೆ ಹೋಗಿದೆ. 100 ಅಂದಿದ್ದನ್ನು ನಾನು 135ಕ್ಕೆ ಎಳೆದಿದ್ದೆ, ಅದಕ್ಕೇ ಇರಬೇಕು.

ಅವಳಿಗೆ ತೋರಿಸಿದರೆ ಫೋಟೊ ಚೆನ್ನಾಗಿದೆ ಅಂತ ಹೇಳಲಿಲ್ಲ. ಬಹಳ ಹೊತ್ತು ನೋಡಿ, ನಾನು ಇನ್ನೂ ಕೆಳಗೆ ಬಾಗಬೇಕಿತ್ತು ಅಮ್ಮ ಅಂದಳು. ಆ ಇನ್ನೊಂದು ತಂಡದ ಹುಡುಗಿಗೂ ಒಂದು ಪ್ರಿಂಟ್ ಕೊಡಬೇಕು ಅಂತ ಅವಳೇ ಹೇಳಿದ್ದಾಳೆ, ಅವರ ಕೋಚ್ ನಂಬರ್ ಸಿಕ್ಕಿದೆ, ನಾಳೆ ಮಾತಾಡುತ್ತೇನೆ. ಎರಡೂ ತಂಡಕ್ಕೆ ಸೇರಿ ಇಪ್ಪತ್ತೆರಡು ಪ್ರಿಂಟ್ ಆಗುತ್ತದೆ. ಗಾಂಧಿಬಜಾರ್, ಜಯನಗರದ ಕಡೆ ಒಳ್ಳೆಯ ಮ್ಯಾಟ್ ಪೇಪರಿನಲ್ಲಿ ಹಾಕಿಕೊಡುವವರು ಯಾರಾದರೂ ಗೊತ್ತಿದ್ದರೆ ಹೇಳಿ.